ಮೋರಿಯಲ್ಲ, ವೃಷಭಾವತಿ
ಮೆಟ್ರೊದಲ್ಲಿ ನಾಯಂಡಹಳ್ಳಿ ದಾಟುವಾಗ ಕಿಟಕಿಯಿಂದ ಕೆಳಗೆ ನೋಡಿ. ಕಪ್ಪಗೆ ಹರಿಯುವುದನ್ನು ಎರಡು ವರ್ಷ ನಾನೂ ‘ಕೆಂಗೇರಿ ಮೋರಿ’ ಎಂದೇ ಕರೆದೆ. ಅದು ವೃಷಭಾವತಿ ನದಿ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂಬ ನಂಬಿಕೆಯಿಂದ ಬಂದ ಹೆಸರು. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನ ಇರುವುದು ಇದರ ದಡದಲ್ಲೇ. ಜೋರು ಮಳೆಗೆ ಕೊಳಚೆ ನೀರು ಒಳಕ್ಕೆ ನುಗ್ಗಿದ್ದೂ ಉಂಟು.

ನಾವು ಊರಿಗೆ ಬಸ್ ಹಿಡಿಯುವ ಮೆಜೆಸ್ಟಿಕ್ ಒಂದು ಕಾಲದ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆ. ಕೆರೆಯಿಂದ ಕೆರೆಗೆ ಮಳೆನೀರು ಒಯ್ಯುತ್ತಿದ್ದ ರಾಜಕಾಲುವೆಗಳಿಗೆ ಚರಂಡಿ ಬಿಟ್ಟವರು ನಾವು. (ನನ್ನ ಪಿ.ಜಿ.ಯ ಬಚ್ಚಲ ನೀರೂ ಅಲ್ಲಿಗೇ ಸೇರುತ್ತಿರಬಹುದು.)

ಈ ನೀರು ಬಿಡದಿ ಬಳಿಯ ಬೈರಮಂಗಲ ಕೆರೆ ತುಂಬಿ, ಅಲ್ಲಿನ ರೈತರ ಹೊಲಗಳಿಗೆ ಹರಿದು, ಅರ್ಕಾವತಿಯ ಮೂಲಕ ಕಾವೇರಿ ಸೇರುತ್ತದೆ. ಹಾಗಾಗಿ ಪಾರಂಪರಿಕ ನಡಿಗೆ, ಬಣ್ಣದ ಫಲಕಗಳೆಲ್ಲ ಆಮೇಲೆ. ಸಂಸ್ಕರಿಸದ ಕೊಳಚೆ ಕಾಲುವೆಗೆ ಬೀಳುವುದು ಮೊದಲು ನಿಲ್ಲಬೇಕು. ಹಳೆಯ ಗ್ರಾಮ ನಕ್ಷೆಗಳು ಕಂದಾಯ ಇಲಾಖೆಯ ಜಾಲತಾಣದಲ್ಲೇ ಸಿಗುತ್ತವೆ. ಕಾಲೇಜು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರು ನಿಮ್ಮ ಬಡಾವಣೆಯದನ್ನು ತೆರೆದು, ಕಾಲುವೆ ಎಲ್ಲಿತ್ತು, ಈಗ ಅಲ್ಲೇನಿದೆ ನೋಡಿ.