ಭಾಷಣದಲ್ಲಿ ಸಕ್ಕರೆ ಬೇಡ, ಬಹುಮಾನದಲ್ಲಿ ಚಾಕಲೇಟು

ಉಪನಗರದ ನಮ್ಮ ಕನ್ನಡ ಸಂಘದ ಮಕ್ಕಳ ಭಾಷಣ ಸ್ಪರ್ಧೆಯಲ್ಲಿ ಈಚೆಗೆ ನಡೆದ ಸಂಗತಿ ಇದು. ಮೂರನೆಯ ತರಗತಿಯ ಹುಡುಗಿಯೊಬ್ಬಳು ಸಕ್ಕರೆ, ಮೈದಾ, ಕರಿದ ತಿಂಡಿಗಳ ದುಷ್ಪರಿಣಾಮಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿ ಪ್ರಥಮ ಸ್ಥಾನ ಪಡೆದಳು. ಸಭಾಗೃಹದ ತುಂಬ ಚಪ್ಪಾಳೆ. ಮುಖ್ಯ ಅತಿಥಿಗಳು ಆಕೆಯ ಕೈಗಿತ್ತ ಬಹುಮಾನ, ದೊಡ್ಡದೊಂದು ಚಾಕಲೇಟ್ ಡಬ್ಬಿ! ಯಾರಿಗೂ ನಗು ಬರಲಿಲ್ಲ. ಡಬ್ಬಿ ಖರೀದಿಸಿ ತಂದವರಲ್ಲಿ ನಾನೂ ಒಬ್ಬನಾದ್ದರಿಂದ ಇದನ್ನು ಇತರರ ಮೇಲಿನ ದೂರೆಂದು ಭಾವಿಸಬಾರದು.

2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ಮಂಡಳಿಯು ತನ್ನ ಶಾಲೆಗಳಿಗೆ 'ಶುಗರ್ ಬೋರ್ಡ್' ಹಾಕುವಂತೆ ಸೂಚಿಸಿತು. ಯಾವ ಪಾನೀಯದಲ್ಲಿ, ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆ ಇದೆ ಎಂದು ಮಕ್ಕಳಿಗೆ ತಿಳಿಸುವ ಫಲಕ ಅದು. 4ರಿಂದ 10 ವರ್ಷದ ಮಕ್ಕಳು ದಿನದ ಕ್ಯಾಲೊರಿಯ ಶೇ. 13ರಷ್ಟನ್ನು ಸಕ್ಕರೆಯಿಂದಲೇ ಪಡೆಯುತ್ತಿದ್ದಾರೆ, 11ರಿಂದ 18 ವರ್ಷದವರಲ್ಲಿ ಇದು ಶೇ. 15, ಇರಬೇಕಾದದ್ದು ಶೇ. 5ರೊಳಗೆ ಎಂದು ಆ ಸುತ್ತೋಲೆ ಹೇಳಿತ್ತು. ಕೌಂಟರಿನಲ್ಲಿ ಕೂತು ಕೂತು ಬಂದ ಚಾಳಿ, ಲೆಕ್ಕ ಹಾಕಿ ನೋಡಿದೆ. ದಿನಕ್ಕೆ 1600 ಕ್ಯಾಲೊರಿಯ ಆಹಾರ ತಿನ್ನುವ ಮಗುವಿಗೆ ಶೇ. 5 ಎಂದರೆ 20 ಗ್ರಾಂ, ಅಂದರೆ ಐದು ಚಮಚ ಸಕ್ಕರೆ. ಶೇ. 13 ಎಂದರೆ ಹದಿಮೂರು ಚಮಚ! 300 ಮಿ.ಲೀ. ಕೋಲಾ ಬಾಟಲಿಯೊಂದರಲ್ಲೇ ಸುಮಾರು 30 ಗ್ರಾಂ ಇರುತ್ತದೆ. ದಿನದ ಖಾತೆ ಅಲ್ಲಿಗೇ ಓವರ್‌ಡ್ರಾಫ್ಟ್.

ನಮ್ಮ ಮಗು ತೆಳ್ಳಗಿದೆ, ಚಿಂತೆಯಿಲ್ಲ ಎನ್ನುವವರಿದ್ದಾರೆ. 2016-18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 5ರಿಂದ 19 ವರ್ಷದವರಲ್ಲಿ ಹತ್ತರಲ್ಲಿ ಒಬ್ಬರ ರಕ್ತದ ಸಕ್ಕರೆ ಮಧುಮೇಹದ ಹಿಂದಿನ ಮೆಟ್ಟಿಲಿನಲ್ಲಿತ್ತು. ಅದೇ ಸಮೀಕ್ಷೆಯ ಪ್ರಕಾರ ಹದಿಹರೆಯದವರಲ್ಲಿ ಅಧಿಕ ತೂಕದವರು ಶೇ. 5ರಷ್ಟು ಮಾತ್ರ. ಹಾಗಾದರೆ ಈ ತೊಂದರೆ ದಪ್ಪ ಮಕ್ಕಳದ್ದಷ್ಟೇ ಅಲ್ಲ.

ಫಲಕ ಬೇಕು, ನಿಜ. ಆದರೆ ಬಹುಮಾನ ಗೆದ್ದ ಆ ಹುಡುಗಿಗೆ ತಿಳಿವಳಿಕೆಯ ಕೊರತೆ ಇತ್ತೇ? ಅವಳಿಗೆ ಎಲ್ಲವೂ ಬಾಯಿಪಾಠ. ಮಗು ತನಗೆ ಗೊತ್ತಿರುವುದನ್ನು ತಿನ್ನುವುದಿಲ್ಲ, ತನ್ನವರು ತಿನ್ನುವುದನ್ನು ತಿನ್ನುತ್ತದೆ. ಅದಕ್ಕಿಂತ ಹೆಚ್ಚಾಗಿ, ತನ್ನನ್ನು ಯಾವುದರಿಂದ ಸಮಾಧಾನಪಡಿಸುತ್ತಾರೋ ಅದನ್ನು.

ಇದು ಈ ಮಹಾನಗರದ ಬದುಕಿನ ಫಲ. ಡೊಂಬಿವಲಿಯಿಂದಲೋ ವಿರಾರಿನಿಂದಲೋ ಬೆಳಿಗ್ಗೆ ಏಳರ ಗಾಡಿ ಹಿಡಿದ ಗಂಡ-ಹೆಂಡತಿ ಮನೆ ಸೇರುವಾಗ ರಾತ್ರಿ ಎಂಟೂವರೆ. ಬಾಗಿಲಲ್ಲೇ ಮಗುವಿನ ಪ್ರಶ್ನೆ, "ಪಪ್ಪಾ, ಏನು ತಂದಿದ್ದೀರಿ?" ದಿನವಿಡೀ ಜೊತೆಗಿರಲಾಗದ ಅಳುಕು ಕೈಚೀಲದಿಂದ ಚಿಪ್ಸ್ ಪೊಟ್ಟಣವಾಗಿ ಹೊರಬರುತ್ತದೆ. ತರಲು ಮರೆತರೆ ಮೊಬೈಲಿದೆ, ಹತ್ತು ನಿಮಿಷದಲ್ಲಿ ಹುಡುಗ ಬಾಗಿಲು ತಟ್ಟುತ್ತಾನೆ. ಶಾಲೆಯ 50 ಮೀಟರ್ ಸುತ್ತಳತೆಯಲ್ಲಿ ಕೊಬ್ಬು, ಉಪ್ಪು, ಸಕ್ಕರೆ ಅಧಿಕವಿರುವ ತಿಂಡಿಗಳ ಮಾರಾಟ ಕೂಡದೆಂದು 2020ರಲ್ಲೇ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿದೆ. ಮನೆಬಾಗಿಲಿಗೆ ಬರುವ ತಿಂಡಿಗೆ ಯಾವ 50 ಮೀಟರ್? ಅಜ್ಜಿ-ಅಜ್ಜಂದಿರೂ ಹಿಂದೆ ಬಿದ್ದಿಲ್ಲ. ಹಾಲಿಗೆ ಕಲಸುವ ಪುಡಿ ಶಕ್ತಿ ಕೊಡುತ್ತದೆಂದು ನಾವು ಎರಡೆರಡು ಚಮಚ ಹಾಕಿಕೊಟ್ಟೆವು. 2024ರ ಏಪ್ರಿಲಿನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಎಂಬ ವರ್ಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿದಾಗ ಹಲವರಿಗೆ ಆಶ್ಚರ್ಯವಾಯಿತು.

ನಿದ್ದೆಯದೂ ಇದೇ ಕತೆ. ಮಕ್ಕಳಿಗೆ ನಿದ್ದೆ ಸಾಲುತ್ತಿಲ್ಲವೆಂದು ಮಹಾರಾಷ್ಟ್ರ ಸರಕಾರ 2024ರ ಫೆಬ್ರವರಿಯಲ್ಲಿ ನಾಲ್ಕನೆಯ ತರಗತಿವರೆಗಿನ ಶಾಲೆಗಳು ಬೆಳಿಗ್ಗೆ 9ರ ಮೊದಲು ಆರಂಭವಾಗಬಾರದೆಂದು ಆದೇಶಿಸಿತು. ಮನೆಯವರು ಹನ್ನೆರಡರವರೆಗೆ ಟಿ.ವಿ. ಮುಂದಿದ್ದರೆ ಮಗು ಒಂಬತ್ತಕ್ಕೆ ಮಲಗೀತೆ? ನಮ್ಮ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಗಣ್ಯರ ಭಾಷಣವೆಲ್ಲ ಮುಗಿದು ಪುಟಾಣಿಗಳ ನೃತ್ಯಕ್ಕೆ ಸರದಿ ಬರುವುದು ಎಷ್ಟು ಗಂಟೆಗೆಂದು ಎಲ್ಲರಿಗೂ ಗೊತ್ತು.

ಇನ್ನು ಶಾಲೆಯ ಡಬ್ಬಿ. ಮುಂಬಯಿಗೆ ಇಡ್ಲಿ-ದೋಸೆಯ ರುಚಿ ಹತ್ತಿಸಿದವರಲ್ಲಿ ನಮ್ಮ ಉಡುಪಿ ಹೋಟೆಲಿನವರೇ ಮುಂದು. ಅದೇ ಊರಿನ ಮೂಲದ ಮಗು ಇಂದು ಪತ್ರೊಡೆಯನ್ನು ಡಬ್ಬಿಯಲ್ಲಿ ಒಯ್ಯಲು ಒಪ್ಪುವುದಿಲ್ಲ. ಪಕ್ಕದವನು 'ಇದೇನು ಹಸಿರು ಹಸಿರು' ಎಂದು ನಕ್ಕನಂತೆ. ಮರುದಿನದಿಂದ ನೂಡಲ್ಸೇ ಆಗಬೇಕು. ದೊಡ್ಡವರ ನೂರು ಉಪದೇಶ ಒಂದು ಕಡೆ, ಬೆಂಚಿನ ಮೇಲಿನ ಒಂದು ನಗು ಇನ್ನೊಂದು ಕಡೆ.

ಆದರೆ ಗೆಳೆಯರ ಈ ಪ್ರಭಾವ ಎರಡೂ ಕಡೆ ಕೊಯ್ಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಯಾನ್ ಬರ್ಚ್ 1980ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಂದು ತರಕಾರಿಯನ್ನು ಅಷ್ಟಾಗಿ ಮೆಚ್ಚದ ಪುಟ್ಟ ಮಗುವನ್ನು ಅದನ್ನೇ ಇಷ್ಟಪಡುವ ಮಕ್ಕಳ ಜೊತೆ ಊಟಕ್ಕೆ ಕೂರಿಸಿದರು. ಕೆಲವೇ ದಿನಗಳಲ್ಲಿ ಮಗುವೂ ಅದನ್ನು ಆರಿಸಿ ತಿನ್ನತೊಡಗಿತು. ಯಾರೂ ಗದರಲಿಲ್ಲ, ಭಾಷಣವನ್ನೂ ಮಾಡಲಿಲ್ಲ. ಅವರದೇ ಇನ್ನೊಂದು ಅಧ್ಯಯನದಲ್ಲಿ, ಬಹುಮಾನವಾಗಿ ಕೊಟ್ಟ ತಿಂಡಿಯ ಮೇಲೆ ಮಕ್ಕಳ ಆಸೆ ಮೊದಲಿಗಿಂತ ಹೆಚ್ಚಿದ್ದು ಕಂಡುಬಂತು. ನಮ್ಮ ಚಾಕಲೇಟ್ ಡಬ್ಬಿ ಆ ದಿನ ವೇದಿಕೆಯ ಮೇಲೆ ಕಲಿಸಿದ್ದು ಇದನ್ನೇ.

ನಮ್ಮ ಮಕ್ಕಳು ತಮ್ಮಂಥವರೇ ಹತ್ತಾರು ಮಂದಿಯ ಜೊತೆ ಕೂತು ತಿನ್ನುವ ಅಪರೂಪದ ಜಾಗ ಸಂಘವೇ. ಭಾನುವಾರದ ಕನ್ನಡ ತರಗತಿ, ಯಕ್ಷಗಾನ ತರಬೇತಿ, ಭಜನೆ, ಎಲ್ಲದರ ಕೊನೆಗೆ ಒಂದು ತಿಂಡಿಯ ತಟ್ಟೆ ಇದ್ದೇ ಇರುತ್ತದೆ. ಅದರಲ್ಲಿ ಸಮೋಸದ ಬದಲು ಪತ್ರೊಡೆಯೋ ಕಡಲೆ ಉಸುಳಿಯೋ ಇದ್ದು, ಇಪ್ಪತ್ತು ಮಕ್ಕಳು ಒಟ್ಟಿಗೆ ತಿಂದರೆ ಅಲ್ಲಿ ನಗುವವರಾರು? ಆಟಕ್ಕೂ ಇದು ಅನ್ವಯಿಸುತ್ತದೆ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವ ಆಟ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೊಸೈಟಿ ಕಾಂಪೌಂಡಿನಲ್ಲಿ ಕಾರುಗಳು, ಗೋಡೆಯಲ್ಲಿ 'ಚೆಂಡಾಟ ನಿಷೇಧ'. ನಾವು ವರ್ಷಕ್ಕೊಂದು ಕ್ರೀಡಾಕೂಟ ಮಾಡಿ ಫೋಟೋ ಹಾಕಿಸಿಕೊಳ್ಳುತ್ತೇವೆ. ತಿಂಗಳಿಗೊಮ್ಮೆಯಾದರೂ ಒಂದು ಮೈದಾನ ಬಾಡಿಗೆಗೆ ಹಿಡಿಯುವುದು ನಮ್ಮ ಸಂಘಗಳಿಗೆ ದೊಡ್ಡ ಹೊರೆಯೇನಲ್ಲ, ಶಾಲು-ಹಾರಗಳ ಖರ್ಚು ನೋಡಿದವರಿಗೆ ಇದು ಅರ್ಥವಾದೀತು.

ಮುಂದಿನ ಕ್ರೀಡಾಕೂಟದ ಅಂದಾಜು ಪಟ್ಟಿ ಮೊನ್ನೆಯ ಸಭೆಗೆ ಬಂತು. ತಂಪುಪಾನೀಯ 200 ಬಾಟಲಿ ಎಂಬ ಸಾಲು ಈ ಸಲವೂ ಇತ್ತು. ಮಜ್ಜಿಗೆ ಇಡೋಣವೆಂದೆ. "ಮಕ್ಕಳು ಕುಡಿಯುವುದಿಲ್ಲ ಮಾರಾಯ್ರೆ" ಎಂದರು ಕೋಶಾಧಿಕಾರಿ. ಕೊನೆಗೆ ಅರ್ಧಕ್ಕರ್ಧ ಎಂದು ತೀರ್ಮಾನವಾಗಿದೆ. ಮಜ್ಜಿಗೆಯ ಮೇಜಿನ ಬಳಿ ಪದಾಧಿಕಾರಿಗಳೇ ಮೊದಲು ಸಾಲು ನಿಲ್ಲಬೇಕೆಂಬ ನನ್ನ ಸಲಹೆಗೆ ಇನ್ನೂ ಉತ್ತರ ಬಂದಿಲ್ಲ.