ಚೊಂಬು, ಅಕ್ಷಯಪಾತ್ರೆ ಮತ್ತು ‘ರಾಷ್ಟ್ರೀಯ’ ಮಾಧ್ಯಮ

2024ರ ಏಪ್ರಿಲ್ ತಿಂಗಳಲ್ಲಿ, ಲೋಕಸಭಾ ಚುನಾವಣೆಯ ಕಾವು ಏರುತ್ತಿದ್ದ ಹೊತ್ತಿಗೆ, ಕರ್ನಾಟಕದ ದಿನಪತ್ರಿಕೆಗಳಲ್ಲಿ ಒಂದು ಜಾಹೀರಾತು ಪ್ರಕಟವಾಯಿತು. ಅದರ ನಡುವೆ ಇದ್ದುದು ಒಂದು ಚೊಂಬು. ಕೇಂದ್ರವು ರಾಜ್ಯಕ್ಕೆ ಕೊಟ್ಟದ್ದು ಇಷ್ಟೇ ಎಂಬುದು ಕಾಂಗ್ರೆಸ್ ಪಕ್ಷದ ಆರೋಪ. ‘ಕೈಗೆ ಚೊಂಬು ಕೊಟ್ಟರು’ ಎಂದರೆ ಏನೆಂದು ಕನ್ನಡಿಗನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಚಿಕ್ಕಬಳ್ಳಾಪುರದ ಸಭೆಯಲ್ಲಿ, ಪ್ರಧಾನಿಯವರ ಸಮ್ಮುಖದಲ್ಲೇ, ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು ಇದಕ್ಕೆ ಉತ್ತರ ಕೊಟ್ಟರು: ಕಾಂಗ್ರೆಸ್ ಬಿಟ್ಟುಹೋದ ಬರಿಯ ಚೊಂಬನ್ನು ಮೋದಿಯವರು ಅಕ್ಷಯಪಾತ್ರೆ ಮಾಡಿದ್ದಾರೆ ಎಂಬುದು ಅವರ ಮಾತಿನ ಸಾರ. ಯಾರ ಮಾತು ಸರಿ ಎಂಬುದು ಇಲ್ಲಿಯ ವಿಷಯವಲ್ಲ. ಅಡುಗೆಮನೆಯ ಒಂದು ಪಾತ್ರೆ ಆಡುನುಡಿಯಿಂದ ಹೊರಟು ಮಹಾಭಾರತದ ದ್ರೌಪದಿಯ ಪಾತ್ರೆಯವರೆಗೆ ನಡೆದುಹೋದ ಈ ವಾಗ್ವಾದದ ಸೊಗಸನ್ನು ಗಮನಿಸಬೇಕು.

ಈ ಸೊಗಸಿನ ಹಿಂದೆ ನಿಜವಾದ ಸಂಕಟವೊಂದಿತ್ತು. ಹಿಂದಿನ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ರಾಜ್ಯವು 18,171 ಕೋಟಿ ರೂಪಾಯಿಗಳ ನೆರವು ಕೇಳಿತ್ತು. ಅದು ಬಾರದಿದ್ದಾಗ ಮಾರ್ಚ್ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿಗೆ ಒಪ್ಪಿಗೆ ದೊರೆಯಿತು. ಒಂದು ರಾಜ್ಯವು ಬರಪರಿಹಾರಕ್ಕಾಗಿ ಕೇಂದ್ರದ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗುವುದು ಒಕ್ಕೂಟ ವ್ಯವಸ್ಥೆಯ ಬುಡವನ್ನೇ ಮುಟ್ಟುವ ಸಂಗತಿ. ಇದಕ್ಕಿಂತ ‘ರಾಷ್ಟ್ರೀಯ’ವಾದ ಸುದ್ದಿ ಬೇರೊಂದಿದೆಯೆ?

ಆದರೆ ಆ ದಿನಗಳಲ್ಲಿ ದೆಹಲಿಯ ವಾಹಿನಿಗಳ ಮುಂದೆ ಕುಳಿತ ನನಗೆ ಕಂಡದ್ದು ಬೇರೆ. ಬೆಂಗಳೂರಿನ ಬಹುಮಹಡಿ ಕಟ್ಟಡಗಳ ನೀರಿನ ಬವಣೆ ಕಂಡಿತು. ಕೊಪ್ಪಳ, ರಾಯಚೂರು, ಚಿತ್ರದುರ್ಗಗಳ ಒಣಗಿದ ಹೊಲ ಕಾಣಲಿಲ್ಲ. ನಾಯಕರ ರೋಡ್ ಶೋಗಳಿಗೆ ಗಂಟೆಗಟ್ಟಲೆ ಸಮಯ ಸಿಕ್ಕಿತು. ಚೊಂಬಿನ ವಾದಕ್ಕೆ ದೊರೆತದ್ದು ಅರೆನಿಮಿಷ, ಅದೂ ಒಂದು ವಿಚಿತ್ರವೆಂಬಂತೆ. ದೆಹಲಿಯ ನಾಯಕರು ವಿಮಾನದಿಂದ ಇಳಿದಾಗ ಕರ್ನಾಟಕದ ಚುನಾವಣೆ ಆರಂಭವಾಗುತ್ತದೆ, ಅವರು ವಿಮಾನ ಹತ್ತಿದಾಗ ಮುಗಿಯುತ್ತದೆ. ಪ್ರಾದೇಶಿಕ ಪಕ್ಷಪಾತವೆಂದರೆ ಬೈಗುಳವೇ ಆಗಬೇಕಿಲ್ಲ. ಹೆಚ್ಚಿನ ವೇಳೆ ಅದು ಗಮನಿಸದಿರುವಿಕೆಯ ರೂಪದಲ್ಲಿರುತ್ತದೆ.

ಇದಕ್ಕೆ ಸಿದ್ಧ ಸಮಾಧಾನವೊಂದುಂಟು. ಉತ್ತರಪ್ರದೇಶವೊಂದಕ್ಕೇ 80 ಸ್ಥಾನಗಳಿವೆ, ಕರ್ನಾಟಕಕ್ಕೆ 28 ಮಾತ್ರ ಎಂಬ ಲೆಕ್ಕ. ಲೆಕ್ಕ ಸರಿಯೇ. ಆದರೆ ದಕ್ಷಿಣದ ಐದು ರಾಜ್ಯಗಳನ್ನು ಕೂಡಿಸಿದರೆ 129 ಸ್ಥಾನಗಳಾಗುತ್ತವೆ; 543ರಲ್ಲಿ ಇದು ಸುಮಾರು ಕಾಲು ಭಾಗ. ಈಶಾನ್ಯದ ಎಂಟು ರಾಜ್ಯಗಳದ್ದು 25. ಪರದೆಯ ಮೇಲಿನ ಸಮಯ ಈ ಪ್ರಮಾಣದಲ್ಲಿ ಹಂಚಿಕೆಯಾದರೂ ನಮಗೆ ತಕರಾರಿಲ್ಲ. ಹಂಚಿಕೆ ನಡೆಯುವುದು ಮತದ ಲೆಕ್ಕದಲ್ಲಲ್ಲ, ಮಾರುಕಟ್ಟೆಯ ಲೆಕ್ಕದಲ್ಲಿ. ಟಿ.ಆರ್.ಪಿ. ಅಳೆಯುವವರ ಪರಿಭಾಷೆಯಲ್ಲಿ ದಕ್ಷಿಣವನ್ನು ಬಿಟ್ಟ ಭಾರತಕ್ಕೆ ‘ಹಿಂದಿ ಸ್ಪೀಕಿಂಗ್ ಮಾರ್ಕೆಟ್’ ಎಂದು ಹೆಸರು. ಬಂಗಾಳಿ, ಒಡಿಯಾ, ಮರಾಠಿಗರೂ ಅದರೊಳಗೆ ಅಡಕ! ನುಡಿಗಳ ನಕ್ಷೆಯನ್ನು ಜಾಹೀರಾತುದಾರ ಬರೆದರೆ ಹೀಗಾಗುವುದು ಸಹಜ.

ಇದರಿಂದ ಹಾನಿ ನಮಗೆ ಮಾತ್ರವೆಂದು ತಿಳಿಯಬೇಕಿಲ್ಲ. ಅದೇ ವರ್ಷ ಮೇ 13ರಂದು ಆಂಧ್ರಪ್ರದೇಶವು ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೆ ಮತ ಹಾಕಿತು. ದೆಹಲಿಯ ಚರ್ಚೆಗಳಲ್ಲಿ ಅದು ಅಂಚಿನ ವಿಷಯವಾಗಿಯೇ ಉಳಿದಿತ್ತು. ಜೂನ್ 4ರಂದು ಬಿಜೆಪಿ 240ಕ್ಕೆ ನಿಂತಾಗ, ತೆಲುಗುದೇಶಂನ 16 ಸ್ಥಾನಗಳು ಕೇಂದ್ರ ಸರ್ಕಾರದ ಆಧಾರಸ್ತಂಭಗಳಲ್ಲೊಂದಾದವು. ಅಂಚು ಒಂದೇ ದಿನದಲ್ಲಿ ನಡುಮನೆಗೆ ಬಂದಿತು. ದೆಹಲಿಯ ವಾಹಿನಿಯನ್ನೇ ನಂಬಿದ ವೀಕ್ಷಕನಿಗೆ ಅದು ಎಲ್ಲಿಂದ ಬಂದಿತೆಂಬುದೇ ತಿಳಿಯಲಿಲ್ಲ. ತನ್ನ ದೇಶವನ್ನು ಅರಿಯದ ಪ್ರಜೆ ತನ್ನ ಮತವನ್ನು ತಾನೇ ತೂಗಲಾರ. ನಿಜವಾದ ನಷ್ಟ ಅಲ್ಲಿದೆ.

ಹೀಗೆ ದೂರುವಾಗ ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. ಬೆಂಗಳೂರಿನ ಕನ್ನಡ ವಾಹಿನಿಗಳಿಗೆ ಬೀದರ, ಯಾದಗಿರಿಗಳು ಎಷ್ಟು ಹತ್ತಿರ? ರಾಜಧಾನಿಯ ಒಂದು ಮೇಲ್ಸೇತುವೆಗೆ ಸಿಗುವ ಸಮಯ ಕಲ್ಯಾಣ ಕರ್ನಾಟಕದ ಗುಳೆಗೆ ಸಿಗುತ್ತದೆಯೆ? ತರಗತಿಯಲ್ಲಿ ಒಮ್ಮೆ ಈ ವಿಷಯ ಬಂದಾಗ ಯಾದಗಿರಿ ಕಡೆಯ ವಿದ್ಯಾರ್ಥಿನಿಯೊಬ್ಬಳು, “ಸರ್, ನಮಗ ಬೆಂಗಳೂರೇ ದಿಲ್ಲಿ ಇದ್ದಂಗ ಐತ್ರಿ” ಎಂದಳು. ನಾನು ಸುಮ್ಮನಾದೆ. ಎಲ್ಲ ಕೇಂದ್ರಗಳ ರೋಗವೂ ಒಂದೇ.

ನಮ್ಮ ಕಾವ್ಯಪರಂಪರೆಗೆ ಮಾರ್ಗ ಮತ್ತು ದೇಸಿಗಳ ಪ್ರಶ್ನೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಪಂಪನು ಇವೆರಡನ್ನೂ ಒಂದರೊಳಗೊಂದು ಬೆರೆಸಿದ. ವ್ಯಾಸರ ಕಥೆ ಅವನಿಗೆ ಮಾರ್ಗ. ಆದರೆ ಅದು ಉಸಿರಾಡಿದ್ದು ಬನವಾಸಿಯ ಗಾಳಿಯನ್ನು. ದೇಸಿಯನ್ನು ಬಿಟ್ಟ ಮಾರ್ಗ ಒಣ ಪಾಂಡಿತ್ಯವಾಗುತ್ತದೆಂದು ಅವನು ಅರಿತಿದ್ದ. ಇಂದಿನ ‘ರಾಷ್ಟ್ರೀಯ’ ಮಾಧ್ಯಮ ತಾನೊಬ್ಬನೇ ಮಾರ್ಗ, ಉಳಿದವರೆಲ್ಲ ದೇಸಿ ಎಂದು ಭಾವಿಸಿದೆ. ರಾಜ್ಯಕ್ಕೊಬ್ಬ ನುಡಿಬಲ್ಲ ವರದಿಗಾರನನ್ನು ನೇಮಿಸಿ, ಚುನಾವಣೆಯ ಗದ್ದಲವಿಲ್ಲದ ದಿನಗಳಲ್ಲೂ ಅವನ ಮಾತನ್ನು ಕೇಳಿಸಿಕೊಳ್ಳಲಿ. ‘ರಾಷ್ಟ್ರೀಯ’ ಎಂಬುದು ಕಚೇರಿಯ ವಿಳಾಸದಿಂದ ಬರುವ ಬಿರುದಲ್ಲ, ದುಡಿದು ಪಡೆಯಬೇಕಾದ ಹೆಸರು. ಅಲ್ಲಿಯವರೆಗೆ ನಮ್ಮ ಕೈಗೆ ಬರುವುದು ಚೊಂಬೇ.