ಮಣ್ಣಿನ ಮಕ್ಕಳು ಎಲ್ಲಿದ್ದರು?

ನನ್ನ ಹಾಸ್ಟೆಲಿನ ಗೆಳೆಯನೊಬ್ಬನಿಗೆ ಹಳೆಯ ಕಾರ್ ರೇಸುಗಳ ಹುಚ್ಚು. ಅವನ ಪ್ರಕಾರ 1996ರ ಜನವರಿ 27 ಅಮೆರಿಕದ ಬಡ ಚಾಲಕರಿಗೆ ಬಾಗಿಲು ತೆರೆದ ದಿನ. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನ ಪಾರ್ಕಿಂಗ್ ಜಾಗಕ್ಕೆ ಅಂಟಿಕೊಂಡಂತೆ ಹೊಸದಾಗಿ ಹಾಕಿದ್ದ ಒಂದು ಮೈಲಿಯ ಅಂಡಾಕಾರದ ಟ್ರ್ಯಾಕಿನಲ್ಲಿ ಇಂಡಿ ರೇಸಿಂಗ್ ಲೀಗ್ ಅವತ್ತು ತನ್ನ ಮೊಟ್ಟಮೊದಲ ರೇಸು ನಡೆಸಿತು. 200 ಸುತ್ತು. ಗೆದ್ದವನು ಬಜ್ ಕಾಲ್ಕಿನ್ಸ್. ಅವನ ಹಿಂದೆ ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಟೋನಿ ಸ್ಟೀವರ್ಟ್. ಇಬ್ಬರಿಗೂ ಆಗ 24 ವರ್ಷ, ಇಬ್ಬರಿಗೂ ಆ ಮಟ್ಟದಲ್ಲಿ ಅದೇ ಮೊದಲ ರೇಸು. ಕಥೆ ಕಟ್ಟುವವರಿಗೆ ಇದಕ್ಕಿಂತ ಏನು ಬೇಕು?

ಗೆಳೆಯ ನಂಬಿರುವ ಕಥೆ ಪೂರ್ತಿ ಸುಳ್ಳಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಚಕ್ರಗಳು ಹೊರಗೆ ಚಾಚಿಕೊಂಡಿರುವ ಈ ಕಾರುಗಳ ಲೋಕವನ್ನು ಆಳುತ್ತಿದ್ದದ್ದು ತಂಡದ ಮಾಲೀಕರೇ ಕಟ್ಟಿಕೊಂಡ ಕಾರ್ಟ್ ಎಂಬ ಸಂಘ. ಓಡುವವರೂ ಅವರೇ, ನಿಯಮ ಬರೆಯುವವರೂ ಅವರೇ. ಖರ್ಚು ಏರುತ್ತಾ ಹೋದಂತೆ ಪ್ರಾಯೋಜಕರ ದುಡ್ಡು ತರಬಲ್ಲವರಿಗೆ ಸೀಟು ಸಿಗುವುದು ಸುಲಭವಾಯಿತು. ಊರೂರಿನ ಮಣ್ಣಿನ ಟ್ರ್ಯಾಕುಗಳಲ್ಲಿ ಮಿಡ್ಜೆಟ್, ಸ್ಪ್ರಿಂಟ್ ಕಾರು ಓಡಿಸಿ ಬೆಳೆದವರು ಹೊರಗೇ ಉಳಿದರು. ಅಂಥ ಟ್ರ್ಯಾಕುಗಳಲ್ಲಿ ಪಳಗಿದ ಜೆಫ್ ಗಾರ್ಡನ್ ಇಂಡಿಯಾನಾಪೊಲಿಸ್ ಕಡೆ ಬಾರದೆ ನಾಸ್ಕಾರ್‌ಗೆ ಹೋಗಿ, 1995ರಲ್ಲಿ ಅಲ್ಲಿ ಚಾಂಪಿಯನ್ ಆಗಿದ್ದ. ಮಣ್ಣಿನ ಮಕ್ಕಳು ಎಂಬ ಮಾತನ್ನು ಭಾಷಣಗಳಲ್ಲಿ ಕೇಳಿ ಕೇಳಿ ನಮಗೆ ಸವೆದುಹೋಗಿದೆ. ಇಲ್ಲಿ ಮಾತ್ರ ಅದು ಅಕ್ಷರಶಃ ನಿಜ, ಅವರ ಹೆಲ್ಮೆಟ್ಟಿನ ಮೇಲೇ ಮಣ್ಣಿರುತ್ತಿತ್ತು.

ನನ್ನ ತಕರಾರು ಇರುವುದು ಅವರ ಹೆಸರು ಹೇಳಿ ಮಾಡಿದ ಕೆಲಸದ ಬಗ್ಗೆ. ಲೀಗ್ ಹುಟ್ಟುಹಾಕಿದ ಟೋನಿ ಜಾರ್ಜ್ ಮಣ್ಣಿನಲ್ಲಿ ಕಾರು ಓಡಿಸಿ ಸೋತ ಬಡವನಲ್ಲ. ಆಗ ಇಂಡಿಯಾನಾಪೊಲಿಸ್ ಸ್ಪೀಡ್‌ವೇಯ ಅಧ್ಯಕ್ಷನಾಗಿದ್ದವನು. 1945ರಲ್ಲಿ ಅದನ್ನು ಕೊಂಡವನು ಅವನ ಅಜ್ಜ. ಅಂದರೆ ಇಂಡಿ 500 ಎಂಬ, ಅಮೆರಿಕದಲ್ಲಿ ಎಲ್ಲರೂ ಗೆಲ್ಲಬಯಸುವ ರೇಸಿನ ಬೀಗದ ಕೈ ಇದ್ದದ್ದು ಆ ಮನೆಯಲ್ಲಿ. ಆ ಕೀಲಿಯನ್ನು ಅವನು ಹೇಗೆ ತಿರುಗಿಸಿದ ನೋಡಿ. 1996ರ ಇಂಡಿ 500ರಲ್ಲಿ ಓಡುವುದು 33 ಕಾರು. ಅದರಲ್ಲಿ 25 ಜಾಗ ಹೊಸ ಲೀಗಿನ ಅಂಕಪಟ್ಟಿಯಲ್ಲಿ ಮೇಲಿದ್ದವರಿಗೆ ಮೀಸಲು, ಮಿಕ್ಕವರಿಗೆಲ್ಲ ಸೇರಿ 8. ಇಂಡಿಗೆ ಮುಂಚೆ ಲೀಗಿನಲ್ಲಿ ಇದ್ದದ್ದೇ ಎರಡು ರೇಸು, ಡಿಸ್ನಿಯದು ಮತ್ತು ಫೀನಿಕ್ಸಿನದು. ಹಾಗಾಗಿ ಡಿಸ್ನಿಯ ರೇಸನ್ನು ಟಿಕೆಟ್ ಕೌಂಟರ್ ಎನ್ನುವುದೇ ಸರಿ. ಇಲ್ಲಿ ಸಾಲಿನಲ್ಲಿ ನಿಂತವರಿಗೆ ಮೇ ತಿಂಗಳಲ್ಲಿ ಒಳಗೆ ಪ್ರವೇಶ. ಪೆನ್‌ಸ್ಕಿಯಂಥ ದೊಡ್ಡ ತಂಡಗಳು ಸಾಲಿನಲ್ಲಿ ನಿಲ್ಲಲಿಲ್ಲ. ಇಂಡಿ 500ರ ದಿನವೇ ಮಿಷಿಗನ್‌ನಲ್ಲಿ ಇನ್ನೊಂದು 500 ಮೈಲಿಯ ರೇಸು ಇಟ್ಟುಕೊಂಡವು. ಅದೂ ಹಟವೇ, ಅವರ ಪರ ವಾದಿಸಲು ನಾನು ಕೂತಿಲ್ಲ.

ಸರಿ, ಬಾಗಿಲಿನಿಂದ ಒಳಗೆ ಬಂದವರು ಯಾರು? ಕಾಲ್ಕಿನ್ಸ್ ಓಡಿಸಿದ್ದು ತನ್ನ ತಂದೆಯ ತಂಡದ ಕಾರು. ಅದರ ಮೇಲಿದ್ದದ್ದು ಕೊಲರಾಡೊದಲ್ಲಿ ಪೆಟ್ರೋಲ್ ಬಂಕು, ಅಂಗಡಿ ನಡೆಸುತ್ತಿದ್ದ ಅವರ ಮನೆಯದೇ ಕಂಪನಿಯ ಹೆಸರು. ಹುಡುಗ ಚೆನ್ನಾಗಿ ಓಡಿಸಿದ, ಕೊನೆಯ ಸುತ್ತುಗಳಲ್ಲಿ ಸ್ಟೀವರ್ಟ್ ಬೆನ್ನಿಗೆ ಬಿದ್ದಾಗಲೂ ಕೈ ನಡುಗಲಿಲ್ಲ. ಅದನ್ನು ಕಿತ್ತುಕೊಳ್ಳುವುದು ಬೇಡ. ಮನೆಯ ದುಡ್ಡಿನಲ್ಲಿ ಬಂದವನನ್ನು ದುಡ್ಡಿನ ವಿರುದ್ಧದ ಬಂಡಾಯದ ನಾಯಕ ಅಂತ ಮೆರೆಸಬೇಡಿ ಅಂತ ಮಾತ್ರ ನಾನು ಹೇಳುವುದು. ಮೂರೇ ರೇಸಿನ ಆ ಋತುವಿನ ಕೊನೆಗೆ ಅವನೂ ಸ್ಕಾಟ್ ಶಾರ್ಪ್ ಎಂಬವನೂ ಅಂಕಗಳಲ್ಲಿ ಸಮ ಬಂದು ಜಂಟಿ ಚಾಂಪಿಯನ್ನರಾದರು. ಶಾರ್ಪ್ ಎರಡು ಸಲ ಟ್ರಾನ್ಸ್-ಆಮ್ ಗೆದ್ದವನು, ಅಂದರೆ ಎಡಕ್ಕೂ ಬಲಕ್ಕೂ ತಿರುಗುವ ರಸ್ತೆ ಟ್ರ್ಯಾಕುಗಳ ಪಳಗಿದ ಕೈ. ಮಣ್ಣಿನ ಟ್ರ್ಯಾಕಿನವರಿಗಾಗಿ ಕಟ್ಟಿದ ಮನೆಯ ಮೊದಲ ಇಬ್ಬರು ಯಜಮಾನರಲ್ಲಿ ಒಬ್ಬನೂ ಅಲ್ಲಿಂದ ಬಂದವನಲ್ಲ.

ಸ್ಟೀವರ್ಟ್ ಇದ್ದನಲ್ಲ ಅಂತ ಗೆಳೆಯ ರೇಗುತ್ತಾನೆ. ಇದ್ದ. ಹಿಂದಿನ ವರ್ಷವಷ್ಟೇ ಮಿಡ್ಜೆಟ್, ಸ್ಪ್ರಿಂಟ್, ಸಿಲ್ವರ್ ಕ್ರೌನ್ ಮೂರರಲ್ಲೂ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಹುಡುಗ. ಲೀಗ್ ಇಲ್ಲದಿದ್ದರೆ ಅವನಿಗೆ ಆ ಕಾರು ಸಿಗುವುದು ಕಷ್ಟವಿತ್ತು, ನಿಜ. ಆ ದಿನ ಅವನು ಮುಂದಿನ ಕಾರನ್ನು ಅಟ್ಟಿಸಿಕೊಂಡು ಹೋಗುವುದನ್ನು ನೋಡಿದರೆ ಲೀಗಿನ ಮಾತೆಲ್ಲ ನಿಜವಾಗಬಹುದಿತ್ತಲ್ಲ ಅನ್ನಿಸಿ ಹೊಟ್ಟೆ ಉರಿಯುತ್ತದೆ. ಮುಂದಿನ ಋತುವಿನಲ್ಲಿ ಅವನೇ ಲೀಗಿನ ಚಾಂಪಿಯನ್ ಆದ. 1999ರಲ್ಲಿ ಪೂರ್ತಿಯಾಗಿ ನಾಸ್ಕಾರ್‌ಗೆ ಹೊರಟುಹೋದ, ಗಾರ್ಡನ್ ಹೋಗಿದ್ದ ಅದೇ ದಾರಿಯಲ್ಲಿ.